ಎರೆಮಣ್ಣಿನ ಹಿತ್ತಲು

(ಹಿತ್ತಲ ತೋಟ ಮಾಡುತ್ತಿರುವ ಕುಟುಂಬಗಳ ಕೂಟದಲ್ಲಿ, ಮುಂಗಾರಿಗೆ ಮುನ್ನ ಮಾಡಿದ ಭಾಷಣದ ಲಿಖಿತ ರೂಪ)



ಕುಂದಗೋಳದ ಹೆಸರು ಕೇಳಿದೊಡನೆ ಹೊರಗಿನವರಿಗೆ ನೆನಪಾಗುವ ಸಂಗತಿಗಳು ಎರಡು. ಒಂದು ಸಂಗೀತ, ಇನ್ನೊಂದು ಮೆಣಸಿನಕಾಯಿ. ಸವಾಯಿ ಗಂಧರ್ವರು ಈ ನೆಲದವರು. ಅವರಲ್ಲಿ ಪಾಠ ಹೇಳಿಸಿಕೊಳ್ಳಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದುದನ್ನು ನಮ್ಮ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಇನ್ನು ಖಾರ ಕಡಿಮೆಯಿದ್ದು ಬಣ್ಣ ತುಂಬಿದ ಬ್ಯಾಡಗಿ ಮೆಣಸಿನಕಾಯಿ ನಮ್ಮ ತಾಲೂಕಿನ ಎರೆ ಹೊಲಗಳ ಬೆಳೆಯೂ ಹೌದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸಂಗೀತಕ್ಕೂ ಮೆಣಸಿನಕಾಯಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ರಾಗವು ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ಬಂದಿತು. ಬೀಜವು ಅತ್ತೆಯ ಕೈಯಿಂದ ಸೊಸೆಯ ಕೈಗೆ ಬಂದಿತು. ಎರಡನ್ನೂ ಉಳಿಸಿದ್ದು ಪುಸ್ತಕವಲ್ಲ, ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟದ್ದು.

ಇಂದು ನಾನು ಹೇಳಬೇಕೆಂದಿರುವ ವಿಷಯವೂ ಇದೇ. ಹಿತ್ತಲೆಂದರೆ ನಮ್ಮ ಮನೆಯ ಹಿಂದಿನ ನಾಲ್ಕು ಮಾರು ನೆಲ ಮಾತ್ರವಲ್ಲ. ಆ ನೆಲದ ಬಗ್ಗೆ ಒಂದು ಮನೆ ಇನ್ನೊಂದು ಮನೆಗೆ ಹೇಳುವ ಮಾತು, ಒಂದು ಮನೆ ಇನ್ನೊಂದು ಮನೆಗೆ ಕೊಡುವ ಬೀಜ, ಇವೂ ಸೇರಿದರೇ ಅದು ಹಿತ್ತಲು. ಈ ಮಾತು, ಈ ಬೀಜ ನಿಂತುಹೋದರೆ ಉಳಿಯುವುದು ಬರಿಯ ಬಯಲು.

ನಮ್ಮಲ್ಲಿ ಅನೇಕರ ಹಿತ್ತಲುಗಳು ಈಗಾಗಲೇ ಬಯಲಾಗಿವೆ, ಇಲ್ಲವೇ ಸಿಮೆಂಟಿನ ಅಂಗಳವಾಗಿವೆ. ಹಿಂದೆ ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಬಾವಿಯ ಬದಿಗೆ ಕರಿಬೇವು, ಗೋಡೆಗೆ ಅವರೆಯ ಬಳ್ಳಿ, ತಿಪ್ಪೆಯ ಅಂಚಿಗೆ ತಾನಾಗಿ ಹುಟ್ಟಿದ ಕುಂಬಳ, ಮೂಲೆಯಲ್ಲಿ ನುಗ್ಗೆ ಇವು ಇಲ್ಲದ ಮನೆ ವಿರಳವಾಗಿತ್ತು. ಸಂತೆಗೆ ಹೋಗುವುದು ಉಳ್ಳಾಗಡ್ಡಿ, ಬೆಳ್ಳುಳ್ಳಿಗಾಗಿ, ಪಲ್ಲೆ ಮನೆಯದು. ಇಂದು ನಾಲ್ಕು ಎಸಳು ಕೊತ್ತಂಬರಿಗೂ ಅಂಗಡಿಗೆ ಹೋಗಬೇಕಾಗಿದೆ. 2019ರ ಆಗಸ್ಟ್ ತಿಂಗಳ ಅತಿವೃಷ್ಟಿಯನ್ನು ನಾವು ಕಂಡಿದ್ದೇವೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರಕಾರ ಘೋಷಿಸಿದ್ದನ್ನೂ ಕಂಡಿದ್ದೇವೆ. ಇಂಥ ವರ್ಷಗಳಲ್ಲಿ ಹೊಲದ ಲೆಕ್ಕ ತಪ್ಪುತ್ತದೆ, ಪೇಟೆಯ ಧಾರಣೆ ಏರುತ್ತದೆ. ಆಗ ಕೂಲಿಯವನ ಮನೆಯ ತಾಟಿನಿಂದ ಮೊದಲು ಮಾಯವಾಗುವುದು ತರಕಾರಿ. ಒಂದು ನುಗ್ಗೆಯ ಗಿಡ, ಒಂದು ಮಡಿ ಪುಂಡಿ ಪಲ್ಲೆ ಇದ್ದ ಮನೆಗೆ ಆ ಕಷ್ಟ ಅಷ್ಟರಮಟ್ಟಿಗೆ ಹಗುರವಾಗುತ್ತದೆ. ಆದುದರಿಂದ ಹಿತ್ತಲ ಮಾತು ಬಿಡುವಿನ ವೇಳೆಯ ವಿನೋದವೆಂದು ನಾನು ತಿಳಿಯುವುದಿಲ್ಲ.

ನನಗಿಂತ ಮೊದಲು ಮಾತನಾಡಿದವರು ತಮ್ಮ ತಮ್ಮ ಹಿತ್ತಲುಗಳ ಸುದ್ದಿ ಹೇಳಿದರು. ಯಾರೂ ಬರಿಯ ಗೆಲುವನ್ನೇ ಹೇಳಲಿಲ್ಲವೆಂಬುದು ನನಗೆ ಬಹಳ ಸಂತೋಷವನ್ನುಂಟುಮಾಡಿತು. ನುಗ್ಗೆ ಕೊಳೆತದ್ದು, ಹೀರೆ ಕಾಯಿ ಕಚ್ಚದಿದ್ದುದು, ಲಿಂಬೆಯ ಎಲೆ ಹಳದಿಯಾದದ್ದು, ಸೇವಂತಿಗೆ ಹೂ ಬಿಡದೆ ನಿಂತದ್ದು, ಇವನ್ನೆಲ್ಲ ನಾನು ಬರೆದುಕೊಂಡಿದ್ದೇನೆ. ಒಂದೊಂದಾಗಿ ಅವುಗಳ ಕಾರಣವನ್ನು ನೋಡೋಣ. ಅದಕ್ಕೆ ಮೊದಲು ಮಣ್ಣಿನ ಮಾತು.

ಕಲಘಟಗಿಯ ಕಡೆಯ ನಮ್ಮ ಬಂಧುಗಳಿಗೆ ಮಸಾರಿ ಮಣ್ಣು ಇದೆ. ನಮ್ಮದು ಎರೆ. ತೋಟಗಾರಿಕೆಯ ಹೆಚ್ಚಿನ ಪುಸ್ತಕಗಳು ನೀರು ಸುಲಭವಾಗಿ ಬಸಿಯುವ ಮಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಲ್ಲಿಯ ಸಲಹೆಯನ್ನು ಅಕ್ಷರಶಃ ಪಾಲಿಸಿದರೆ ಎರೆಯಲ್ಲಿ ಗಿಡ ಸಾಯುತ್ತದೆ. ಎರೆಮಣ್ಣಿನ ಕಣ ಅತಿ ಸೂಕ್ಷ್ಮವಾದದ್ದು. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಒಮ್ಮೆ ಚೆನ್ನಾಗಿ ನೆನೆದರೆ ವಾರಗಟ್ಟಲೆ ತೇವವನ್ನು ಹಿಡಿದಿಡುವ ಗುಣ ಅದಕ್ಕೆ ಇದೆ. ಮಳೆ ನಿಂತ ಮೇಲೆಯೂ ಹಿಂಗಾರಿ ಜೋಳ, ಕಡಲೆ, ಕುಸುಬೆ ನಮ್ಮಲ್ಲಿ ಬೆಳೆಯುವುದು ಈ ಗುಣದಿಂದಲೇ. ಆದರೆ ನೆನೆದ ಮಣ್ಣಿನಲ್ಲಿ ಬೇರಿಗೆ ಗಾಳಿ ದೊರೆಯದು. ಎರೆಯ ಹಿತ್ತಲಲ್ಲಿ ಬಾಯಾರಿ ಸತ್ತ ಗಿಡಗಳಿಗಿಂತ ನೀರು ನಿಂತು ಸತ್ತ ಗಿಡಗಳೇ ಹೆಚ್ಚೆಂಬುದನ್ನು ದಯವಿಟ್ಟು ನೆನಪಿಡಿರಿ.

ಈಗ ನುಗ್ಗೆಯ ಪ್ರಶ್ನೆಗೆ ಬರೋಣ. ಎರಡಡಿ ಆಳದ ಗುಂಡಿ ತೋಡಿ, ಅದಕ್ಕೆ ಹೊರಗಿನಿಂದ ತಂದ ಹಗುರ ಮಸಾರಿ ಮಣ್ಣು ಮತ್ತು ಗೊಬ್ಬರ ತುಂಬಿ, ಆ ಸಹೋದರರು ನುಗ್ಗೆ ನೆಟ್ಟಿದ್ದರು. ಜುಲೈ ಮಳೆಗೆ ಅದು ಬುಡದಲ್ಲಿ ಕೊಳೆಯಿತು. ಅವರು ಮಾಡಿದ್ದು ಪುಸ್ತಕದ ಪ್ರಕಾರ ಸರಿಯೇ. ಆದರೆ ಸುತ್ತ ಎರೆಯಿದ್ದು ನಡುವೆ ಹಗುರ ಮಣ್ಣು ತುಂಬಿದ ಗುಂಡಿ ಮಳೆಗಾಲದಲ್ಲಿ ಬಾವಿಯಾಗುತ್ತದೆ. ಸುತ್ತಲಿನ ನೀರೆಲ್ಲ ಅದರೊಳಗೆ ಬಂದು ಸೇರುತ್ತದೆ, ಹೊರಗೆ ಹೋಗುವ ದಾರಿ ಇರುವುದಿಲ್ಲ. ನುಗ್ಗೆ, ಪಪ್ಪಾಯಿ, ದಾಳಿಂಬೆ ಇವಕ್ಕೆ ನಿಂತ ನೀರು ವಿಷ. ಆದುದರಿಂದ ಗುಂಡಿಯ ಬದಲು ದಿಬ್ಬ ಮಾಡಿರಿ. ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಎತ್ತರ ಸಾಕು. ಅಲ್ಲಿಯದೇ ಎರೆಮಣ್ಣಿಗೆ ಅದರಷ್ಟೇ ಹಳೆಯ ತಿಪ್ಪೆಗೊಬ್ಬರವನ್ನು ಬೆರೆಸಿ, ದಿಬ್ಬದ ನೆತ್ತಿಯ ಮೇಲೆ ಗಿಡ ನೆಡಿರಿ. ಬೇರು ಬಲಿತ ಮೇಲೆ ಅದು ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ. ತರಕಾರಿಯ ಮಡಿಗಳಿಗೂ ಇದೇ ನಿಯಮ. ಮಳೆಗಾಲದಲ್ಲಿ ಮಡಿ ನೆಲಕ್ಕಿಂತ ಒಂದು ಗೇಣು ಎತ್ತರವಿರಲಿ, ಅದರ ಬದಿಗೆ ನೀರು ಹರಿಯುವ ಕಾಲುವೆ ಇರಲಿ. ಬೇಸಿಗೆಯಲ್ಲಿ ಅದೇ ಕಾಲುವೆಯಲ್ಲಿ ನೀರು ಬಿಡಬಹುದು.

ಚಿಕ್ಕ ಹಿತ್ತಲುಳ್ಳವರಿಗೆ ಗಿಡ್ಡ ತಳಿಯ ನುಗ್ಗೆ ಅನುಕೂಲ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ಎಂಬ ತಳಿಯನ್ನು ಬೀಜದಿಂದಲೇ ಬೆಳೆಯಬಹುದು. ಕಾಯಿ ಕೈಗೆ ಎಟಕುತ್ತದೆ. ಕರಿಬೇವಿನಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೇ ಡಿಡಬ್ಲ್ಯುಡಿ–1, ಡಿಡಬ್ಲ್ಯುಡಿ–2 ಎಂಬ ತಳಿಗಳನ್ನು ಹೊರತಂದಿದೆ. ಧಾರವಾಡದ ಕೃಷಿ ಮೇಳಕ್ಕೆ ಹೋಗುವವರು ಬರಿಯ ಯಂತ್ರಗಳನ್ನು ನೋಡಿ ಮರಳದೆ, ಸಸಿ ಬೀಜಗಳ ಮಳಿಗೆಗಳಲ್ಲಿಯೂ ವಿಚಾರಿಸಿ ಬರಬೇಕು.

ಎರೆಯ ಎರಡನೆಯ ಗುಣ ಅದರ ಹದ. ಒದ್ದೆಯಿದ್ದಾಗ ಅದನ್ನು ತುಳಿದರೆ, ಅಗೆದರೆ, ಒಣಗಿದ ಮೇಲೆ ಇಟ್ಟಿಗೆಯಾಗುತ್ತದೆ. ಪೂರ್ತಿ ಒಣಗಿದಾಗ ಗುದ್ದಲಿ ಇಳಿಯುವುದೇ ಇಲ್ಲ. ನಡುವಿನ ಎರಡು ಮೂರು ದಿನಗಳೇ ಹದ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡಿರಿ. ಉಂಡೆ ಕಟ್ಟಿ ಕೈಗೆ ಅಂಟಿದರೆ ಇನ್ನೂ ತಡೆಯಿರಿ. ಉಂಡೆ ಕಟ್ಟಿ ಬೆರಳು ತಾಕಿದೊಡನೆ ಉದುರಿದರೆ ಗುದ್ದಲಿ ಹಿಡಿಯಿರಿ. ಹೊಲದಲ್ಲಿ ಎಡೆ ಹೊಡೆಯುವಂತೆ ಹಿತ್ತಲಲ್ಲಿಯೂ ಕುರ್ಚಿಗೆಯಿಂದ ಮೇಲುಮಣ್ಣನ್ನು ಕೆದರುತ್ತಿದ್ದರೆ ಬಿರುಕು ಮುಚ್ಚುತ್ತದೆ, ಒಳಗಿನ ತೇವ ಆ ಬಿರುಕಿನಿಂದ ಹಾರಿಹೋಗುವುದು ತಪ್ಪುತ್ತದೆ. ಅದರ ಮೇಲೆ ಜೋಳದ ಕಣಿಕೆಯ ತುಂಡು, ಶೇಂಗಾದ ಸಿಪ್ಪೆ, ಒಣಗಿದ ಎಲೆ ಏನಾದರೊಂದನ್ನು ಹೊದಿಸಿರಿ. ಗಿಡದ ಕಾಂಡಕ್ಕೆ ತಾಗದಂತೆ ಮಾತ್ರ ನೋಡಿಕೊಳ್ಳಿರಿ. ಹಿತ್ತಲ ಕಸವನ್ನು ಸುಡುವ ರೂಢಿ ನಮ್ಮಲ್ಲಿ ಇದೆ. ಆ ಬೆಂಕಿಯಲ್ಲಿ ಉರಿಯುವುದು ನಮ್ಮದೇ ಗೊಬ್ಬರ.

ಇನ್ನು ಲಿಂಬೆಯ ಹಳದಿ. ಎಳೆಯ ಎಲೆ ಹಳದಿಯಾಗಿ ಅದರ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ನಮ್ಮ ಎರೆಯಲ್ಲಿ ಸುಣ್ಣದ ಅಂಶ ಹೆಚ್ಚು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಅದು ದೊರೆಯದಂತೆ ಸುಣ್ಣ ತಡೆಯುತ್ತದೆ. ಬುಡಕ್ಕೆ ಮತ್ತಷ್ಟು ಗೊಬ್ಬರ, ಮತ್ತಷ್ಟು ನೀರು ಹಾಕುವುದರಿಂದ ಇದು ಗುಣವಾಗದು. ನೀರು ಹೆಚ್ಚಾದರೆ ಇನ್ನೂ ಬಲಿಯುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ, ಕೆಲವು ಹನಿ ಲಿಂಬೆರಸ ಹಿಂಡಿ, ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸಬೇಕು. ಹತ್ತು ದಿನಕ್ಕೊಮ್ಮೆಯಂತೆ ಎರಡು ಮೂರು ಸಲ ಮಾಡಿದರೆ ಹೊಸ ಎಲೆ ಹಸಿರಾಗಿ ಬರುತ್ತದೆ. ಬಣ್ಣದ ಸೇವಂತಿಗೆ, ಗುಲಾಬಿ, ದಾಸವಾಳಗಳಿಗೂ ಇದೇ ಉಪಚಾರ.

ನೀರಿನ ಮಾತು ಬಂದಾಗ ಎಲ್ಲರೂ ನಿಟ್ಟುಸಿರು ಬಿಡುತ್ತೀರಿ. ನಲ್ಲಿ ನೀರು ಎಂದು ಬರುವುದೋ ಎಂದು ಕಾಯುವ ಮನೆಯಲ್ಲಿ ಗಿಡಕ್ಕೆ ನೀರೆಲ್ಲಿಂದ ತರುವುದು? ಎರಡು ದಾರಿಗಳಿವೆ. ಮೊದಲನೆಯದು ಮಾಳಿಗೆಯ ನೀರು. ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದದ ಮಾಳಿಗೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 550 ಲೀಟರಿನಷ್ಟು ನೀರು ಬೀಳುತ್ತದೆ. ಅದು ಈಗ ಗಟಾರಕ್ಕೆ ಹೋಗುತ್ತದೆ. ಒಂದು ಕೊಳವೆ, ಎರಡು ಬ್ಯಾರಲ್ಲುಗಳು ಇದ್ದರೆ ಎರಡು ಮಳೆಗಳ ನಡುವಿನ ಒಣ ದಿನಗಳನ್ನು ದಾಟಬಹುದು. ಸೊಳ್ಳೆ ಮೊಟ್ಟೆಯಿಡದಂತೆ ಬ್ಯಾರಲ್ಲಿನ ಬಾಯಿಗೆ ಬಟ್ಟೆ ಕಟ್ಟುವುದನ್ನು ಮರೆಯಬೇಡಿರಿ. ಎರಡನೆಯದು ಅಡಿಗೆಮನೆಯ ನೀರು. ಅಕ್ಕಿ, ಕಾಳು, ಕಾಯಿಪಲ್ಲೆ ತೊಳೆದ ನೀರು ಗಿಡಕ್ಕೆ ಅಮೃತ. ಬಟ್ಟೆ ಒಗೆದ ನೀರು ಹಾಗಲ್ಲ. ಅದರಲ್ಲಿರುವ ಸೋಡಾದ ಅಂಶ ಎರೆಮಣ್ಣಿನ ಕಣಗಳನ್ನು ಬಿಡಿಸಿ, ಮೇಲೆ ಗಟ್ಟಿ ಪದರವನ್ನು ಕಟ್ಟುತ್ತದೆ. ಕೆಲವು ವರ್ಷಗಳಲ್ಲಿ ಆ ಜಾಗ ಸವಳಾಗುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಅದನ್ನು ಬಾಳೆ, ಕಾಬಾಳೆಗಳ ಸಾಲಿಗೆ ಬಿಟ್ಟು, ತರಕಾರಿಯ ಮಡಿಯಿಂದ ದೂರವಿಡಿರಿ. ಹೊಳಪು ಕೊಡದ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ಅದರಲ್ಲಿ ನೀರು ತುಂಬಿ ಮುಚ್ಚಿಟ್ಟು, ಸುತ್ತ ಸೌತೆ ಇಲ್ಲವೇ ಹಾಗಲದ ಬೀಜ ಊರುವ ಪದ್ಧತಿಯೂ ಬೇಸಿಗೆಗೆ ಬಹಳ ಒಳ್ಳೆಯದು. ಗಡಿಗೆ ಒಸರುತ್ತದೆ, ಬೇರು ಕುಡಿಯುತ್ತದೆ. ಕಳೆಗೆ ಅದರಲ್ಲಿ ಪಾಲಿಲ್ಲ.

ಯಾವ ಕಾಲಕ್ಕೆ ಏನು ಎಂಬುದನ್ನು ನಮ್ಮ ಹಿರಿಯರು ಮಳೆಯ ನಕ್ಷತ್ರಗಳಿಂದ ಅರಿತಿದ್ದರು. ಜೂನ್ ಮೊದಲ ವಾರ ಮುಗಿಯುತ್ತಲೇ ಮಿರಗ ಕೂಡುತ್ತದೆ. ಆಗ ಬದನೆ, ಮೆಣಸಿನಕಾಯಿ, ಟೊಮೆಟೊ ಸಸಿಮಡಿ ಹಾಕಿರಿ. ಪುಂಡಿ, ರಾಜಗಿರಿ, ಬೆಂಡೆ, ಚವಳಿಕಾಯಿ ನೇರವಾಗಿ ಬಿತ್ತಿರಿ. ಹೀರೆ, ಹಾಗಲ, ಸೋರೆಗಳನ್ನು ಚಪ್ಪರದ ಬುಡದಲ್ಲಿ ಊರಿರಿ. ಐದಾರು ವಾರಗಳ ಸಸಿಯನ್ನು ಜುಲೈ ತಿಂಗಳಿನಲ್ಲಿ, ಮೋಡ ಕವಿದ ಸಂಜೆ ಕಿತ್ತು ನೆಡಿರಿ. ಚಪ್ಪರದ ಅವರೆಯನ್ನೂ ಆಗಲೇ ಹಾಕಿದರೆ ಚಳಿಗಾಲಕ್ಕೆ ಕಾಯಿ ಬರುತ್ತದೆ. ಹಸ್ತದ ಮಳೆ ಆದ ಮೇಲೆ, ಅಂದರೆ ಅಕ್ಟೋಬರದಲ್ಲಿ, ಮೆಂತ್ಯ, ಪಾಲಕ, ಸಬ್ಬಸಿಗೆ, ಕೊತ್ತಂಬರಿ, ಮೂಲಂಗಿ, ಬೆಳ್ಳುಳ್ಳಿಗಳ ಸರದಿ. ಎರೆಯ ತೇವವೇ ಅವನ್ನು ಬಹುಪಾಲು ಸಾಕುತ್ತದೆ. ಮೆಣಸಿನಕಾಯಿಯ ಎಲೆ ಮುಟುರಿದರೆ ಸಣ್ಣ ಕೀಟಗಳು ರಸ ಹೀರುತ್ತಿವೆ ಎಂದರ್ಥ. ಬೇವಿನ ಬೀಜದ ಹಿಟ್ಟನ್ನು ಲೀಟರಿಗೆ 50 ಗ್ರಾಮಿನಂತೆ ರಾತ್ರಿ ನೆನೆಯಿಟ್ಟು, ಬೆಳಗ್ಗೆ ಸೋಸಿ, ಸಂಜೆಯ ತಂಪಿನಲ್ಲಿ ಸಿಂಪಡಿಸಿರಿ. ಬೇವಿನ ಹಣ್ಣು ಉದುರುವ ದಿನಗಳಲ್ಲಿ ಮಕ್ಕಳಿಂದ ಅದನ್ನು ಆಯಿಸಿ ಒಣಗಿಸಿಟ್ಟುಕೊಂಡರೆ ವರ್ಷಕ್ಕೆ ಸಾಕಾಗುತ್ತದೆ.

ಹೀರೆಯ ಬಳ್ಳಿ ಹೂವಿನಿಂದ ತುಂಬಿಯೂ ಕಾಯಿ ಕಚ್ಚಲಿಲ್ಲವೆಂದು ಒಬ್ಬ ತಾಯಿ ಹೇಳಿದರು. ಈ ಬಳ್ಳಿಗಳಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಹಿಂದೆ ಕಿರುಬೆರಳಿನಷ್ಟು ಕಾಯಿಯ ಆಕಾರವಿದ್ದರೆ ಅದು ಹೆಣ್ಣು. ಮೊದಲಿಗೆ ಬರುವವು ಬಹುತೇಕ ಗಂಡು ಹೂವುಗಳೇ. ಅದಕ್ಕೆ ಗಾಬರಿ ಬೇಡ. ಹೆಣ್ಣು ಹೂವು ಬಂದೂ ಉದುರಿದರೆ ಪರಾಗ ತಲುಪಲಿಲ್ಲವೆಂದು ತಿಳಿಯಬೇಕು. ಹೀರೆ, ಸೋರೆಗಳ ಹೂವು ಅರಳುವುದು ಸಂಜೆ. ತುಪ್ಪೀರೆ, ಸೌತೆ, ಕುಂಬಳಗಳದು ಮುಂಜಾನೆ. ಸಂಜೆ ದೀಪ ಹಚ್ಚುವ ಮೊದಲು ಒಂದು ಗಂಡು ಹೂವನ್ನು ಕಿತ್ತು, ಅದರ ನಡುವಿನ ಪುಡಿಯನ್ನು ಹೆಣ್ಣು ಹೂವಿಗೆ ಮೆಲ್ಲಗೆ ತಾಗಿಸಿರಿ. ಮೂರು ನಾಲ್ಕು ದಿನಗಳಲ್ಲಿ ಫಲ ಕಾಣುತ್ತದೆ.

ಸೇವಂತಿಗೆಯ ವಿಷಯ ಇನ್ನೂ ಸ್ವಾರಸ್ಯದ್ದು. ಹಗಲು ಕಿರಿದಾಗಿ ರಾತ್ರಿ ದೀರ್ಘವಾದಾಗಲೇ ಅದು ಮೊಗ್ಗು ಕಟ್ಟುತ್ತದೆ. ಆ ಮನೆಯ ಕುಂಡಗಳಿದ್ದುದು ಬೀದಿದೀಪದ ಕೆಳಗೆ. ದೀಪದ ಬೆಳಕಿನಲ್ಲಿ ಗಿಡಕ್ಕೆ ರಾತ್ರಿಯೇ ಆಗಲಿಲ್ಲ. ಕುಂಡವನ್ನು ಕತ್ತಲೆಯ ಬದಿಗೆ ಸರಿಸಿದರೆ ಸಾಕು, ಔಷಧ ಬೇಕಿಲ್ಲ.

ಹೂವಿನ ಮಾತು ಬಂದಿತಾಗಿ ಇನ್ನೊಂದನ್ನು ಹೇಳುತ್ತೇನೆ. ನಮ್ಮ ಪೂಜಾಪೀಠದ ಹೂವು ಬಹಳಷ್ಟು ಹುಬ್ಬಳ್ಳಿಯ ಪೇಟೆಯಿಂದ ಬರುತ್ತದೆ. ನಮ್ಮ ಹಿತ್ತಲುಗಳಿಂದಲೇ ಅದನ್ನು ಪೂರೈಸುವುದು ಅಸಾಧ್ಯವಲ್ಲ. ಮಾರ್ಚದಿಂದ ಮಳೆಯವರೆಗೆ ಮಲ್ಲಿಗೆ, ಮಳೆಗಾಲದಲ್ಲಿ ಸುಗಂಧರಾಜ, ಅಬ್ಬಲಿಗೆ, ಆಮೇಲೆ ಚೆಂಡುಹೂ, ಸೇವಂತಿಗೆ, ಇವುಗಳಲ್ಲಿ ಒಂದೊಂದನ್ನು ನಾಲ್ಕು ನಾಲ್ಕು ಮನೆಗಳು ವಹಿಸಿಕೊಂಡರೆ ಆಯಿತು. ನವೆಂಬರ್ 2ರಂದು ನಮ್ಮ ಅಗಲಿದವರ ಸಮಾಧಿಗಳಿಗೆ ಬೇಕಾದ ಚೆಂಡುಹೂವಿನ ಬೀಜವನ್ನು ಆಗಸ್ಟ್ ಮೊದಲ ವಾರದಲ್ಲಿ ಚೆಲ್ಲಬೇಕು. ಈ ಚೆಂಡುಹೂವಿನ ತವರು ಮೆಕ್ಸಿಕೋ ದೇಶ. ಅಲ್ಲಿಯ ಜನರೂ ಅದೇ ದಿನ, ಅದೇ ಹೂವನ್ನು ತಮ್ಮ ಸತ್ತವರ ಸಮಾಧಿಗಳ ಮೇಲೆ ಹರಡುತ್ತಾರೆ. ಸಾಗರದ ಆಚೆಯವರೂ ನಾವೂ ಒಂದೇ ಹೂವಿನಿಂದ ನಮ್ಮವರನ್ನು ನೆನೆಯುತ್ತೇವೆಂಬುದು ಎಷ್ಟು ಸಮಾಧಾನದ ಸಂಗತಿ! ಮೆಣಸಿನಕಾಯಿ, ಟೊಮೆಟೊ, ಪೇರಲ, ಪಪ್ಪಾಯಿ, ಶೇಂಗಾ ಇವೂ ಅಮೆರಿಕ ಖಂಡದಿಂದ ಕಳೆದ ಐದು ಶತಮಾನಗಳೊಳಗೆ ಬಂದವು. ಅವು ಹಡಗಿನಲ್ಲಿ ಬಂದಿರಬಹುದು. ಆದರೆ ಹಳ್ಳಿಯಿಂದ ಹಳ್ಳಿಗೆ ಅವುಗಳನ್ನು ಹಬ್ಬಿಸಿದ್ದು ಸೆರಗಿನ ಗಂಟಿನಲ್ಲಿ ಬೀಜ ಕಟ್ಟಿಕೊಂಡು ಹೋದ ಹೆಣ್ಣುಮಕ್ಕಳು.

ಇಲ್ಲಿಗೆ ಬೀಜದ ಮಾತಿಗೆ ಬಂದಂತಾಯಿತು. ನನ್ನ ಭಾಷಣದ ತಿರುಳು ಇದೇ.

ಅಂಗಡಿಯ ಪೊಟ್ಟಣದ ಹೈಬ್ರಿಡ್ ಬೀಜ ಒಳ್ಳೆಯ ಫಸಲನ್ನು ಕೊಡುತ್ತದೆ. ನಾನು ಅದನ್ನು ಹಳಿಯುವುದಿಲ್ಲ. ಆದರೆ ಅದರಿಂದ ಎತ್ತಿಟ್ಟ ಬೀಜ ಮರುವರ್ಷ ತಾಯಿಯ ಗುಣವನ್ನು ತೋರದು. ಮತ್ತೆ ಪೊಟ್ಟಣಕ್ಕೇ ಹೋಗಬೇಕು. ನಾಟಿ ತಳಿಯ ಬೀಜ ವರ್ಷ ವರ್ಷವೂ ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಹೊಂದಿಕೊಳ್ಳುತ್ತ ಹೋಗುತ್ತದೆ. ಒಂದು ಮನೆಯ ಮುಳ್ಳು ಬದನೆ, ಒಂದು ಮನೆಯ ಚಪ್ಪರದವರೆ ಒಮ್ಮೆ ಹೋಯಿತೆಂದರೆ ಯಾವ ಪೇಟೆಯಲ್ಲಿಯೂ ಅದನ್ನು ಕೊಂಡು ತರಲಾಗದು. ಬೀಜವನ್ನು ಕಾಯ್ದುಕೊಂಡಿದ್ದ ಅಜ್ಜಿ ತೀರಿಕೊಂಡ ವರ್ಷವೇ ಆ ಬೀಜವೂ ತೀರಿಹೋದ ಮನೆಗಳು ನಮ್ಮಲ್ಲಿ ಇಲ್ಲವೇ? ಅಜ್ಜಿಯ ಬಂಗಾರದ ಪಾಲಿಗಾಗಿ ಎಲ್ಲರೂ ಕೂಡಿದೆವು. ಮಾಡದಲ್ಲಿದ್ದ ಬೀಜದ ಗಡಿಗೆಯನ್ನು ಯಾರೂ ಕೇಳಲಿಲ್ಲ.

ಈ ಕೆಲಸವನ್ನು ಮಾಡಿ ತೋರಿಸಿದವರು ದೂರದಲ್ಲಿಲ್ಲ. ನಮ್ಮದೇ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರು 2018ರಿಂದ ಸಿರಿಧಾನ್ಯಗಳ ಬೀಜವನ್ನು ಸಂಗ್ರಹಿಸಿ, ಸಮುದಾಯ ಬೀಜ ಬ್ಯಾಂಕನ್ನು ನಡೆಸಿ, ರೈತರಿಗೆ ಬೀಜ ಹಂಚಿ, ಸಿರಿಧಾನ್ಯಗಳನ್ನು ಸಂಸ್ಕರಿಸುವ ಘಟಕವನ್ನೂ ಕಟ್ಟಿದ್ದಾರೆ. ‘ಸಹಜ ಸಮೃದ್ಧ’ ಸಂಸ್ಥೆ ಅವರ ಬೆನ್ನಿಗೆ ನಿಂತಿತು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಕೊಡುವ ಈಕ್ವೇಟರ್ ಪ್ರಶಸ್ತಿ ಅವರಿಗೆ ದೊರೆಯಿತು. ಜಗತ್ತಿನ ನಾನಾ ದೇಶಗಳ ಸಂಘಟನೆಗಳ ಸಾಲಿನಲ್ಲಿ ನಮ್ಮ ತಾಲೂಕಿನ ಹಳ್ಳಿಯ ತಾಯಂದಿರು ನಿಂತರು. ನೆರೆಯ ಉತ್ತರ ಕನ್ನಡದ ಶಿರಸಿಯಲ್ಲಿ ‘ವನಸ್ತ್ರೀ’ ಎಂಬ ಸಂಘಟನೆ 2001ರಿಂದ ಇದೇ ಕಾರ್ಯವನ್ನು ಹಿತ್ತಲ ತರಕಾರಿ, ಹೂವುಗಳಿಗಾಗಿಯೇ ಮಾಡುತ್ತ ಬಂದಿದೆ. ಮಲೆನಾಡಿನ ಮಹಿಳೆಯರು ತಮ್ಮ ಬೀಜಗಳನ್ನು ಪರಸ್ಪರ ವಿನಿಮಯ ಮಾಡಿಕೊಂಡು, ಮೇಳ ನಡೆಸಿ, ಹೆಚ್ಚಾದುದನ್ನು ಮಾರುತ್ತಾರೆ. ಅವರ ಮಳೆ ಬೇರೆ, ಮಣ್ಣು ಬೇರೆ. ಅವರ ಗಿಡಗಳೆಲ್ಲ ನಮ್ಮಲ್ಲಿ ಬಾರವು. ಅವರ ಕೊಡುಕೊಳ್ಳುವ ಪದ್ಧತಿ ಮಾತ್ರ ಯಾವ ಮಣ್ಣಿನಲ್ಲಿಯೂ ಬೇರುಬಿಡಬಲ್ಲದು.

ಬೀಜ ಹಂಚಿದರೆ ಕಾನೂನಿನ ತೊಡಕಿದೆಯೇ ಎಂದು ಯುವಕರೊಬ್ಬರು ಕೇಳಿದರು. ಇಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ತನ್ನ ಬೆಳೆಯ ಬೀಜವನ್ನು ಎತ್ತಿಡುವ, ಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಕಂಪನಿಯಂತೆ ಹೆಸರಿನ ಗುರುತು ಹಾಕಿ ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ.

ಬೀಜ ಎತ್ತುವ ಕ್ರಮದಲ್ಲಿ ಸುಲಭದಿಂದ ಆರಂಭಿಸಿರಿ. ಅವರೆ, ಅಲಸಂದೆ, ಮೆಂತ್ಯ, ಟೊಮೆಟೊ ಇವು ಬಹುಮಟ್ಟಿಗೆ ತಮ್ಮೊಳಗೇ ಫಲಿಸುತ್ತವೆ. ತಳಿ ಬೆರಕೆಯಾಗುವ ಭಯ ಕಡಿಮೆ. ಬದನೆ, ಮೆಣಸಿನಕಾಯಿ, ಬೆಂಡೆಗಳಲ್ಲಿ ಜೇನುನೊಣ ಬೆರಕೆ ಮಾಡಬಹುದು. ಒಂದು ಹಿತ್ತಲಲ್ಲಿ ಒಂದೇ ತಳಿ ಇರಲಿ. ಬಳ್ಳಿ ಕಾಯಿಗಳಲ್ಲಿ ಬೆರಕೆ ಇನ್ನೂ ಸುಲಭ. ಅವುಗಳ ಬೀಜ ಬೇಕಾದರೆ, ಕೈಯಿಂದ ಪರಾಗ ತಾಗಿಸಿದ ಹೂವನ್ನು ಒಂದು ದಿನ ಬಟ್ಟೆಯಿಂದ ಕಟ್ಟಿ, ಆ ಕಾಯಿಗೆ ದಾರದ ಗುರುತು ಹಾಕಿರಿ. ಗಂಡು ಹೂವನ್ನೂ ಅರಳುವ ಮೊದಲೇ ಕಟ್ಟಿಟ್ಟಿರಬೇಕು. ಸೋರೆ, ಸೌತೆ ವಿಪರೀತ ಕಹಿಯಿದ್ದರೆ ಉಣ್ಣಲೂ ಬೇಡಿರಿ, ಬೀಜಕ್ಕೂ ಬಿಡಬೇಡಿರಿ. ಆ ಕಹಿ ವಿಷಕಾರಿ. ಬೀಜಕ್ಕೆ ಬಿಡುವ ಕಾಯಿ ಉಳಿದದ್ದು ಬಳಿದದ್ದು ಆಗಬಾರದು. ಗಿಡದಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನೇ ಮೊದಲು ಮೀಸಲಿಡಬೇಕು. ನೆರಳಲ್ಲಿ ಒಣಗಿಸಿ, ಜರಡಿ ಹಿಡಿದ ಒಲೆಬೂದಿ ಬೆರೆಸಿ, ಬೇವಿನ ಎಲೆ ಇಟ್ಟು, ಗಾಳಿಯಾಡದ ಡಬ್ಬಿಯಲ್ಲಿ ತುಂಬಿ, ಹೆಸರು ಮತ್ತು ವರ್ಷವನ್ನು ಬರೆಯಿರಿ. ಹೆಸರು ಬರೆಯದ ಬೀಜ ಅರ್ಧ ಕಳೆದಂತೆಯೇ.

ಇನ್ನೊಂದು ವಿನಂತಿ. ಹಿತ್ತಲನ್ನು ಪೂರ್ತಿ ಅಚ್ಚುಕಟ್ಟು ಮಾಡಬೇಡಿರಿ. ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ತೋಟದಲ್ಲಿ ಒಂದು ಭಾಗವನ್ನು ಏನೂ ನೆಡದೆ ಬಿಡಬೇಕೆಂದೂ, ಅಲ್ಲಿ ಕಾಡುಹೂವು ಗಿಡಮೂಲಿಕೆಗಳು ತಾವಾಗಿಯೇ ಬೆಳೆಯಲೆಂದೂ ಹೇಳಿದ್ದರಂತೆ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಎಂಬ ವಿಶ್ವಪತ್ರದಲ್ಲಿ ಇದನ್ನು ನೆನೆದಿದ್ದಾರೆ. ಭಕ್ತಿಯ ಮಾತಾಗಿ ಅದು ಹಿರಿದು. ತೋಟಗಾರನ ಲೆಕ್ಕದಲ್ಲಿಯೂ ಅದು ಸರಿ. ಆ ಮೂಲೆಯ ತುಂಬೆಗೆ ಜೇನುನೊಣ ಬರುತ್ತದೆ, ಬಂದದ್ದು ನಿಮ್ಮ ಸೌತೆಯ ಹೂವಿಗೂ ಹೋಗುತ್ತದೆ. ಹತ್ತರಕಿ, ಕಿರಕಸಾಲಿಯಂಥ ಬಿತ್ತದೆ ಬರುವ ಪಲ್ಲೆಗಳು ಅಲ್ಲಿಯೇ ದೊರೆಯುತ್ತವೆ. ಅವುಗಳ ಗುರುತು ಇಂದಿನ ಮಕ್ಕಳಿಗಿಲ್ಲ. ಗುರುತಿದ್ದ ಹಿರಿಯರು ಕೈಹಿಡಿದು ತೋರಿಸಬೇಕು.

ಕೊನೆಯದಾಗಿ, ಮುಂದಿನ ಯೋಜನೆ. ದೊಡ್ಡ ಯೋಜನೆ ಬೇಡ. ಮೂರು ಸಣ್ಣ ಕೆಲಸಗಳು ಸಾಕು. ಒಂದು, ಪ್ರತಿ ಮನೆಯೂ ಒಂದೇ ಒಂದು ಬೆಳೆಯ ಬೀಜಕ್ಕೆ ಹೊಣೆಯಾಗಲಿ. ಇಂಥ ಮನೆಯಲ್ಲಿ ಇಂಥ ಬೀಜವಿದೆ ಎಂಬುದು ಎಲ್ಲರಿಗೂ ಗೊತ್ತಿರಲಿ. ಒಂದೇ ಬೀಜ ಕನಿಷ್ಠ ಮೂರು ಮನೆಗಳಲ್ಲಿರಬೇಕು. ಒಂದರಲ್ಲಿ ಹೋದರೆ ಇನ್ನೊಂದರಿಂದ ಬರಲಿ. ಎರಡು, ವರ್ಷಕ್ಕೆ ಎರಡು ಸಲ, ಮಿರಗಕ್ಕೆ ಮುನ್ನ ಮೇ ತಿಂಗಳ ಕೊನೆಯ ರವಿವಾರ ಮತ್ತು ಹಿಂಗಾರಿಗೆ ಮುನ್ನ ಸೆಪ್ಟೆಂಬರದ ಕೊನೆಯ ರವಿವಾರ, ಪೂಜೆಯ ನಂತರ ಬೀಜದ ಡಬ್ಬಿಗಳೊಡನೆ ಕೂಡೋಣ. ಈ ಕೂಟ ನಮ್ಮವರಿಗಷ್ಟೇ ಸೀಮಿತವಾಗದಿರಲಿ. ಓಣಿಯ ಎಲ್ಲ ಮನೆಗಳಿಗೂ ಕರೆ ಹೋಗಲಿ. ಮಣ್ಣು ಯಾರ ಜಾತಿಯನ್ನೂ ಕೇಳುವುದಿಲ್ಲ, ಬಳ್ಳಿ ಗೋಡೆಯನ್ನು ಲೆಕ್ಕಿಸುವುದಿಲ್ಲ. ಮೂರು, ಒಂದು ದಪ್ಪ ವಹಿಯನ್ನು ಇಡೋಣ. ಬಿತ್ತಿದ ದಿನ, ಬಂದ ಮಳೆ, ಬೆಳೆದದ್ದು, ಸತ್ತದ್ದು ಎಲ್ಲವನ್ನೂ ಬರೆಯೋಣ. ಸತ್ತದ್ದನ್ನು ಬರೆಯಲು ನಾಚಬಾರದು. ಒಬ್ಬರ ನುಗ್ಗೆ ಕೊಳೆತ ಸುದ್ದಿಯಿಂದ ಹತ್ತು ಮನೆಗಳ ನುಗ್ಗೆ ಉಳಿಯುತ್ತದೆ.

ಹಿಂದಿನವರು ಈ ದೇವಾಲಯವನ್ನು ನಮ್ಮ ಕೈಗೆ ಒಪ್ಪಿಸಿದಂತೆಯೇ ತಮ್ಮ ಬೀಜಗಳನ್ನೂ ಒಪ್ಪಿಸಿ ಹೋದರು. ಕಟ್ಟಡಕ್ಕೆ ನಾವು ಸುಣ್ಣ ಬಳಿದಿದ್ದೇವೆ. ಬೀಜಗಳನ್ನು ಹುಡುಕಿ ತೆಗೆಯುವ ಕೆಲಸ ಉಳಿದಿದೆ. ಮಿರಗಕ್ಕೆ ಇನ್ನು ಕೆಲವೇ ದಿನಗಳಿವೆ. ಇಂದು ಮನೆಗೆ ಹೋದೊಡನೆ ಹಿರಿಯರನ್ನು ಕೇಳಿ, ಮಾಡದಲ್ಲಿ, ಹಳೆಯ ಡಬ್ಬಿಗಳಲ್ಲಿ ಏನಿದೆಯೆಂದು ನೋಡಿರಿ. ಹತ್ತು ಕಾಳು ಸಿಕ್ಕರೂ ಸಾಕು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಪರೀಕ್ಷೆ ಮಾಡಿ, ಮುಂದಿನ ರವಿವಾರ ಎಷ್ಟು ಮೊಳೆತವೆಂದು ಬಂದು ಹೇಳಿರಿ.